ಬಾನುಲಿ ದಿವಾಳಿಯಾದಾಗ

ದಿವಾಳಿ ಎಂಬ ಮಾತಿಗೆ ಪೇಟೆಯ ಹಿರಿಯರು ಹೇಳುವ ಒಂದು ವಿವರಣೆಯುಂಟು. ಸಾಲ ತೀರಿಸಲಾರದೆ ಕೈಚೆಲ್ಲಿದ ಉತ್ತರದ ಸಾಹುಕಾರನು ತನ್ನ ಅಂಗಡಿಯಲ್ಲಿ ಹಾಡುಹಗಲೇ ದೀಪ ಹಚ್ಚಿಟ್ಟು ಕುಳಿತುಬಿಡುತ್ತಿದ್ದನಂತೆ. ಬೀದಿಯಲ್ಲಿ ಹೋಗುವವರು ಆ ದೀಪ ಕಂಡರೆ ಸಾಕು, ಇಲ್ಲಿ ಇನ್ನು ಕೇಳುವುದಕ್ಕೆ ಏನೂ ಉಳಿದಿಲ್ಲವೆಂದು ತಿಳಿದುಕೊಳ್ಳುತ್ತಿದ್ದರಂತೆ. ನಿಜವೋ ಕಟ್ಟುಕಥೆಯೋ, ಶಬ್ದಶಾಸ್ತ್ರ ಬಲ್ಲವರು ಹೇಳಬೇಕು. ಅಂಗಡಿ ದಿವಾಳಿಯಾದರೆ ಅಕ್ಕಿಯ ಮೂಟೆ, ತಕ್ಕಡಿ, ಗಲ್ಲಾಪೆಟ್ಟಿಗೆ ಎಲ್ಲವೂ ಹರಾಜಿಗೆ ಬರುತ್ತವೆ. ಕೊಂಡವನು ಮರುದಿನ ಅದೇ ತಕ್ಕಡಿಯಲ್ಲಿ ಅದೇ ಅಕ್ಕಿಯನ್ನು ತೂಗಬಹುದು. ಆದರೆ ಒಂದು ರೇಡಿಯೋ ಕಂಪೆನಿ ದಿವಾಳಿಯಾದರೆ ಹರಾಜಿಗೆ ಬರುವುದು ಏನು? ಅದು ನಿನ್ನೆ ಪ್ರಸಾರ ಮಾಡಿದ ಹಾಡು ಯಾರದು? ನಾಳೆ ಪ್ರಸಾರ ಮಾಡುತ್ತೇನೆಂದು ಮುಂಗಡ ಹಣ ಪಡೆದ ಹಾಡು ಯಾರದು? ಈ ಪ್ರಶ್ನೆ ವಕೀಲರ ಪ್ರಶ್ನೆಯಂತೆ ಕೇಳಿಸುತ್ತದೆ. ಆದರೆ ಸಂಗೀತವನ್ನು ಪ್ರೀತಿಸುವ, ಕನ್ನಡದ ದನಿಯನ್ನು ಪ್ರೀತಿಸುವ ಪ್ರತಿಯೊಬ್ಬನಿಗೂ ಇದು ಸಂಬಂಧಿಸಿದ್ದೆಂದು ತೋರಿಸಲು ಈ ಕೆಲವು ನಿಮಿಷಗಳನ್ನು ಬಳಸಿಕೊಳ್ಳುತ್ತೇನೆ.

ನಮ್ಮ ಕಣ್ಣೆದುರಿಗೇ ನಡೆದ ಉದಾಹರಣೆಯಿದೆ. ವರ್ಲ್ಡ್‌ಸ್ಪೇಸ್ ಎಂಬ ಹೆಸರನ್ನು ಮೈಸೂರಿನ ಸಂಗೀತರಸಿಕರಲ್ಲಿ ಅನೇಕರು ಮರೆತಿರಲಾರರು. ಇಥಿಯೋಪಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ನೋವಾ ಸಮಾರಾ ಎಂಬುವರು 1990ರಲ್ಲಿ ಸ್ಥಾಪಿಸಿದ ಕಂಪೆನಿ ಅದು. ದಾರಿ, ದೂರವಾಣಿ, ಪತ್ರಿಕೆ ಯಾವುದೂ ತಲುಪದ ಆಫ್ರಿಕದ ಹಳ್ಳಿಗಳಿಗೆ ಆಕಾಶದಿಂದಲೇ ದನಿಯನ್ನು ಇಳಿಸಬೇಕೆಂಬುದು ಅವರ ಮೂಲ ಸಂಕಲ್ಪ. ಆಫ್ರಿಸ್ಟಾರ್ ಎಂಬ ಉಪಗ್ರಹವನ್ನು 1998ರ ಅಕ್ಟೋಬರಿನಲ್ಲಿಯೂ ಏಷಿಯಾಸ್ಟಾರ್ ಎಂಬುದನ್ನು 2000ದ ಮಾರ್ಚಿಯಲ್ಲಿಯೂ ಹಾರಿಸಿದರು. ಅಮೆರಿಕ ಖಂಡಕ್ಕೆಂದು ಯೋಚಿಸಿದ್ದ ಮೂರನೆಯದು ನೆಲ ಬಿಟ್ಟು ಏಳಲೇ ಇಲ್ಲ. ಆಫ್ರಿಕಕ್ಕಾಗಿ ಕಂಡ ಕನಸಿಗೆ ಕೊನೆಯಲ್ಲಿ ಹಣ ಕೊಟ್ಟವರು ಬಹುಮಟ್ಟಿಗೆ ನಮ್ಮ ದೇಶದವರು ಎಂಬುದು ವಿಚಿತ್ರ. ಕಂಪೆನಿಗೆ ಇದ್ದ ಸುಮಾರು 1,70,000 ಚಂದಾದಾರರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಭಾರತದವರೇ ಆಗಿದ್ದರು. ಇಲ್ಲಿಯ ವ್ಯವಹಾರದ ಕೇಂದ್ರ ಬೆಂಗಳೂರು.

ಆ ರೇಡಿಯೋ ಸೆಟ್ಟು ನೋಡಲು ಪುಟ್ಟದು. ಅದರೊಡನೆ ಅಂಗೈಯಗಲದ ಒಂದು ಚಪ್ಪಟೆ ಆಂಟೆನಾ. ಏಷಿಯಾಸ್ಟಾರ್ ಇದ್ದದ್ದು ಭೂಮಧ್ಯರೇಖೆಯ ನೆತ್ತಿಯಲ್ಲಿ, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, ಪೂರ್ವ ರೇಖಾಂಶ 105 ಡಿಗ್ರಿಯಲ್ಲಿ. ಮೈಸೂರಿನಿಂದ ನೋಡಿದರೆ ಪೂರ್ವ ದಿಕ್ಕಿಗೆ, ತುಸು ಆಗ್ನೇಯಕ್ಕೆ ವಾಲಿದಂತೆ, ಆಕಾಶದ ಅರ್ಧಕ್ಕಿಂತ ಸ್ವಲ್ಪ ಮೇಲೆ. ಚಾಮುಂಡಿ ಬೆಟ್ಟ ಅಡ್ಡ ಬರುತ್ತಿರಲಿಲ್ಲ. ಪಕ್ಕದ ಮನೆಯ ತೆಂಗಿನ ಮರ ಬರುತ್ತಿತ್ತು. ಪೂರ್ವಕ್ಕೆ ಕಿಟಕಿಯಿದ್ದ ಮನೆಯವರು ಪುಣ್ಯವಂತರು, ಇಲ್ಲದವರು ತಂತಿ ಎಳೆದು ತಾರಸಿಯ ಮೇಲೆ ಆಂಟೆನಾ ಇಡಬೇಕಾಗಿತ್ತು. ದಿಕ್ಕು ಸರಿಯಾಗಿ ಸಿಕ್ಕಿದೊಡನೆ ಕರಕರ ಗೊರಗೊರ ಒಂದೂ ಇಲ್ಲದ ನಿರ್ಮಲವಾದ ದನಿ. ಮೀಡಿಯಂ ವೇವಿನ ಗದ್ದಲದ ನಡುವೆ ಕಿವಿಯನ್ನು ಪಳಗಿಸಿಕೊಂಡ ತಲೆಮಾರಿಗೆ ತಂಬೂರಿಯ ಶ್ರುತಿ ಅಷ್ಟು ಸ್ವಚ್ಛವಾಗಿ ಮನೆಯೊಳಗೆ ಬಂದದ್ದೇ ಒಂದು ಆಶ್ಚರ್ಯ.

ಬಂದದ್ದಾದರೂ ಏನು? ಕರ್ನಾಟಕ ಸಂಗೀತಕ್ಕೆ ಮೀಸಲಾದ 'ಶ್ರುತಿ', ಹಿಂದೂಸ್ತಾನಿಗೆ 'ಗಾಂಧರ್ವ', ಹಳೆಯ ಹಿಂದಿ ಚಿತ್ರಗೀತೆಗಳಿಗೆ 'ಫರಿಶ್ತಾ', ಕನ್ನಡಕ್ಕೆ 'ಸ್ಪರ್ಶ'. ತಮಿಳು, ತೆಲುಗು, ಮಲಯಾಳಗಳಿಗೂ ಒಂದೊಂದು ವಾಹಿನಿಯಿತ್ತು. ಇವುಗಳಲ್ಲಿ ಜಾಹೀರಾತಿನ ಕಿರುಚಾಟವಿರಲಿಲ್ಲ. ಕೇಳುವವನು ವರ್ಷಕ್ಕಿಷ್ಟು ಎಂದು ಮುಂಗಡವಾಗಿ ಚಂದಾ ಕಟ್ಟುತ್ತಿದ್ದ. ದಿನದ ಇಪ್ಪತ್ತನಾಲ್ಕು ಗಂಟೆಯೂ ಶಾಸ್ತ್ರೀಯ ಸಂಗೀತ ಕೇಳುವ ಸೌಕರ್ಯ ಅದಕ್ಕೆ ಮುಂಚೆ ನಮ್ಮ ಊರಿನ ಸಾಮಾನ್ಯನಿಗೆ ಇರಲಿಲ್ಲ. ಮದುವೆಯಾಗಿ ಪರಸ್ಥಳಕ್ಕೆ ಹೋದ ಮಗಳು ವಯಸ್ಸಾದ ತಂದೆತಾಯಿಗಳಿಗೆ ಕೊಡಿಸುವ ಉಡುಗೊರೆಯಾಗಿಯೂ ಆ ಸೆಟ್ಟು ಅನೇಕ ಮನೆಗಳನ್ನು ಹೊಕ್ಕಿತು.

ಆದರೆ ಲೆಕ್ಕ ಕೂಡಲಿಲ್ಲ. ಉಪಗ್ರಹವನ್ನು ಕಟ್ಟುವುದಕ್ಕೂ ಹಾರಿಸುವುದಕ್ಕೂ ಆಗುವ ವೆಚ್ಚ ಒಬ್ಬನು ಕೇಳಿದರೂ ಅಷ್ಟೆ, ಒಂದು ಕೋಟಿ ಜನ ಕೇಳಿದರೂ ಅಷ್ಟೆ. ಅಂಥ ವ್ಯಾಪಾರ ಕೋಟಿ ಜನರ ಮೇಲೆ ನಿಲ್ಲಬೇಕೇ ಹೊರತು ಲಕ್ಷದ ಮೇಲೆ ನಿಲ್ಲಲಾರದು. ಕಿಟಕಿಯ ಪಕ್ಕ ಅಲುಗಾಡದೆ ಕೂಡಬೇಕಾದ ಆ ಸೆಟ್ಟು ಓಡುವ ಕಾರಿನಲ್ಲಿ ಹಾಡಲಾರದು. ಹಾಡಬೇಕಾದರೆ ಊರೂರಿನಲ್ಲಿ ನೆಲದ ಮೇಲೆ ಮರುಪ್ರಸಾರದ ಕಂಬಗಳು ಬೇಕು. ಅದಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಉಪಗ್ರಹ ರೇಡಿಯೋಗೆ ನೀತಿಯೊಂದು ಇರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2005ರಲ್ಲಿ ಶಿಫಾರಸು ಮಾಡಿತು. ಕಂಪೆನಿ ಬದುಕಿದ್ದ ಕಾಲದಲ್ಲಿ ಕಂಬಗಳು ಏಳಲಿಲ್ಲ. ಅದೇ ವರ್ಷಗಳಲ್ಲಿ ಎಫ್.ಎಂ. ನಿಲಯಗಳು ಒಂದೊಂದೇ ಊರಿಗೆ ಬಂದು, ಕಾಸಿಲ್ಲದೆ, ಕಾರಿನಲ್ಲಿಯೂ ಅಂಗಡಿಯಲ್ಲಿಯೂ ಹಾಡತೊಡಗಿದವು. 2005ರ ಆಗಸ್ಟಿನಲ್ಲಿ ಅಮೆರಿಕದ ಷೇರುಪೇಟೆಯಲ್ಲಿ 21 ಡಾಲರಿನಂತೆ ಮಾರಾಟವಾದ ಷೇರು ಮೂರು ವರ್ಷಗಳಲ್ಲಿ ಕಾಸಿಗೂ ಬೇಡವಾಯಿತು. 2008ರ ಅಕ್ಟೋಬರಿನಲ್ಲಿ ಡೆಲವೇರ್ ಸಂಸ್ಥಾನದ ದಿವಾಳಿ ನ್ಯಾಯಾಲಯದಲ್ಲಿ ಕಂಪೆನಿ ಅರ್ಜಿ ಹಾಕಿತು. ತೋರಿಸಿದ ಆಸ್ತಿ ಸುಮಾರು 30 ಕೋಟಿ ಡಾಲರು, ಸಾಲ 200 ಕೋಟಿ ಡಾಲರಿಗೂ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅರ್ಜಿ ಹಾಕಿದ ದಿನ ದನಿ ನಿಲ್ಲಲಿಲ್ಲ. ಅಮೆರಿಕದ ದಿವಾಳಿ ಕಾನೂನಿನ ಹನ್ನೊಂದನೆಯ ಅಧ್ಯಾಯವು ಮುಳುಗುತ್ತಿರುವವನಿಗೆ ಉಸಿರಾಡಲು ಅವಕಾಶ ಕೊಡುತ್ತದೆ; ಸಾಲಿಗರು ಬಾಗಿಲು ಬಡಿಯುವಂತಿಲ್ಲ, ವ್ಯಾಪಾರ ನಡೆಯುತ್ತಿರುತ್ತದೆ. ಹೀಗಾಗಿ ಮತ್ತೂ ಒಂದು ವರ್ಷಕ್ಕೆ ಮಿಕ್ಕಿ 'ಶ್ರುತಿ' ಹಾಡಿತು, 'ಸ್ಪರ್ಶ' ಕನ್ನಡ ನುಡಿಯಿತು. 2009ರ ಡಿಸೆಂಬರಿನಲ್ಲಿ ಚಂದಾದಾರರಿಗೆ ಪತ್ರ ಬಂತು. ಕಂಪೆನಿಯ ಆಸ್ತಿಯನ್ನು ಕೊಳ್ಳಲು ಮುಂದೆ ಬಂದವರು ಭಾರತದ ಚಂದಾ ವ್ಯಾಪಾರವನ್ನು ಮಾತ್ರ ತಮಗೆ ಬೇಡವೆಂದಿದ್ದಾರೆ, ಆದ್ದರಿಂದ ಡಿಸೆಂಬರ್ 31ರಿಂದ ಸೇವೆ ನಿಲ್ಲುತ್ತದೆ ಎಂಬುದು ಅದರ ಸಾರಾಂಶ. ನೂರಕ್ಕೆ 95 ಮಂದಿ ಕೇಳುಗರಿದ್ದ ದೇಶವೇ ಕೊಳ್ಳುವವನ ಕಣ್ಣಿಗೆ ಹೊರೆಯಾಗಿ ಕಂಡಿತು! ವ್ಯಾಪಾರಿಯ ತರ್ಕದಲ್ಲಿ ಇದು ತಪ್ಪಲ್ಲ. ಚಂದಾದಾರ ಕಟ್ಟಿದ ಹಣ ಆಗಲೇ ಕರಗಿಹೋಗಿದೆ. ಅವನಿಗೆ ಉಳಿದ ತಿಂಗಳುಗಳ ಹಾಡು ಕೊಡಬೇಕಾದದ್ದು ಋಣ. ಆ ಋಣವನ್ನು ಹೊಸಬನು ಯಾಕೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ?

ಈಗ ಮೂಲ ಪ್ರಶ್ನೆಗೆ ಬರೋಣ. ಇಂಥ ಕಂಪೆನಿಯ ಬಳಿ ಮಾರುವುದಕ್ಕೆ ಇರುವ ವಸ್ತುಗಳನ್ನು ಎಣಿಸಿದರೆ ಮೊದಲನೆಯದು ಉಪಗ್ರಹ. ಅದು ಕೈಗೆಟುಕದ ಎತ್ತರದಲ್ಲಿದ್ದರೂ ಕಾನೂನಿನ ದೃಷ್ಟಿಯಲ್ಲಿ ಎತ್ತಿನ ಗಾಡಿಯಷ್ಟೇ ಗಟ್ಟಿಯಾದ ಆಸ್ತಿ, ಅಡವಿಡಬಹುದು, ಮಾರಬಹುದು. ಜೊತೆಗೆ ಅದು ಬಳಸುವ ತರಂಗಾಂತರದ ಅನುಮತಿ, ನೆಲದ ಮೇಲಿನ ಯಂತ್ರಗಳು. 2010ರಲ್ಲಿ ಈ ಆಸ್ತಿಯ ಬಹುಪಾಲು ಸಂಸ್ಥಾಪಕರಾದ ಸಮಾರಾ ಅವರದೇ ಹೊಸ ಕಂಪೆನಿಯ ಕೈಗೆ ಹೋಯಿತು. ಗ್ರಾಹಕನ ಮನೆಯಲ್ಲಿದ್ದ ಸೆಟ್ಟು ಗ್ರಾಹಕನದೇ. ಆದರೆ ಆ ಉಪಗ್ರಹವೊಂದನ್ನೇ ನಂಬಿ ಹುಟ್ಟಿದ ಸೆಟ್ಟು ಅದು. ಬೇರೆ ನಿಲಯ ತಿರುಗಿಸೋಣವೆಂದರೆ ತಿರುಗಿಸಲು ನಿಲಯವಿಲ್ಲ. ಬ್ಯಾಟರಿಯನ್ನು ತೆಗೆದುಕೊಂಡು ಸೆಟ್ಟನ್ನು ಅಟ್ಟಕ್ಕೆ ಏರಿಸಿದವರೇ ಹೆಚ್ಚು.

ಎರಡನೆಯದು ಕಾರ್ಯಕ್ರಮಗಳ ಹಕ್ಕು. ಇಲ್ಲಿಯೇ ವಿಷಯ ಸಂಕೀರ್ಣವಾಗುವುದು, ಇಲ್ಲಿಯೇ ನಾವು ಕಳೆದುಕೊಂಡದ್ದೇನೆಂದು ತಿಳಿಯುವುದು.

ಒಂದು ಭಾವಗೀತೆಯನ್ನು ತೆಗೆದುಕೊಳ್ಳಿ. ಪದ್ಯ ಬರೆದ ಕವಿಯದೊಂದು ಹಕ್ಕು. ಅದು ಅವನ ಜೀವಿತಕಾಲವೂ ಆಮೇಲೆ 60 ವರ್ಷಗಳೂ ಇರುತ್ತದೆ. ರಾಗ ಹಾಕಿದವರದು ಇನ್ನೊಂದು. ಮುದ್ರಿಸಿ ಹೊರತಂದ ಧ್ವನಿಸುರುಳಿಯ ಕಂಪೆನಿಯದು ಮತ್ತೊಂದು; ಅದು ಪ್ರಕಟವಾದಂದಿನಿಂದ 60 ವರ್ಷ. ಹಾಡಿದವರಿಗೂ ಹಕ್ಕುಂಟೆಂದು ನಮ್ಮ ಕಾನೂನು ಒಪ್ಪಿಕೊಂಡದ್ದು ಬಹಳ ತಡವಾಗಿ, 1994ರಲ್ಲಿ. ಅದು ಈಗ 50 ವರ್ಷ. ಇವೆಲ್ಲದರ ಮೇಲೆ, ಪ್ರಸಾರ ಮಾಡಿದ ನಿಲಯಕ್ಕೆ ತನ್ನ ಪ್ರಸಾರದ ಮೇಲೆ 25 ವರ್ಷಗಳ ಪ್ರತ್ಯೇಕ ಹಕ್ಕು. ಮೂರು ನಿಮಿಷದ ಹಾಡಿಗೆ ಐದು ಮಂದಿ ಪಾಲುದಾರರು! ನಾನೀಗ ಆಡುತ್ತಿರುವ ಮಾತನ್ನೇ ನೋಡಿ. ಬರಹ ನನ್ನದು, ಅದನ್ನು ಮುದ್ರಿಸಿಕೊಂಡ ದನಿ ಮುದ್ರಿಸಿದವರದು, ನಾಳೆ ಯಾವುದಾದರೂ ವಾರಪತ್ರಿಕೆ ಇದನ್ನು ಅಚ್ಚು ಹಾಕಬೇಕೆಂದರೆ ಅದಕ್ಕೆ ಬೇರೆ ಒಪ್ಪಿಗೆ ಬೇಕು. ಒಂದೇ ಮನೆಯ ಬೇರೆ ಬೇರೆ ಕೋಣೆಗಳಿಗೆ ಬೇರೆ ಬೇರೆ ಬೀಗ ಹಾಕಿದಂತೆ.

ಉಪಗ್ರಹ ರೇಡಿಯೋ ಕಂಪೆನಿ ಈ ಮನೆಯನ್ನು ಕೊಂಡಿರುವುದಿಲ್ಲ, ಬಾಡಿಗೆಗೆ ಹಿಡಿದಿರುತ್ತದೆ. ಹಾಡನ್ನು ಪ್ರಸಾರ ಮಾಡುವ ಪರವಾನಗಿ ಅದರದು, ಹಾಡು ಅದರದಲ್ಲ. ದಿವಾಳಿಯ ನ್ಯಾಯಾಲಯಕ್ಕೆ ಬಂದ ಮೇಲೆ ಇಂಥ ಒಪ್ಪಂದಗಳಿಗೆ ಅಮೆರಿಕದ ಕಾನೂನು ಒಂದು ವಿಶೇಷ ಗತಿಯನ್ನು ವಿಧಿಸಿದೆ. ಎರಡು ಕಡೆಯಿಂದಲೂ ಇನ್ನೂ ನಡೆಯಬೇಕಾದದ್ದು ಉಳಿದಿರುವ ಕರಾರನ್ನು ದಿವಾಳಿಯಾದವನು ಬೇಕಾದರೆ ಉಳಿಸಿಕೊಳ್ಳಬಹುದು, ಬೇಡವಾದರೆ ತಳ್ಳಿಬಿಡಬಹುದು. ಉಳಿಸಿಕೊಳ್ಳಬೇಕಾದರೆ ಹಳೆಯ ಬಾಕಿಯನ್ನು ತೀರಿಸಬೇಕು. ತಳ್ಳಿದರೆ ಎದುರು ಪಕ್ಷದವನು ನಷ್ಟಪರಿಹಾರ ಕೇಳಬಹುದು. ಆದರೆ ಅವನು ನಿಲ್ಲಬೇಕಾದದ್ದು ಒತ್ತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ. ಆ ಸಾಲಿನ ಮುಂದೆ ಒತ್ತೆ ಹಿಡಿದವರಿದ್ದಾರೆ, ನ್ಯಾಯಾಲಯದ ಖರ್ಚಿದೆ, ನೌಕರರ ಸಂಬಳವಿದೆ, ತೆರಿಗೆಯಿದೆ. ಛತ್ರದ ಊಟದಲ್ಲಿ ಕೊನೆಯ ಪಂಕ್ತಿಗೆ ಕುಳಿತವನ ಎಲೆಗೆ ಏನು ಬೀಳುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಸಂಭಾವನೆ ಬಾಕಿಯಿರುವ ಗಾಯಕ, ಕಾರ್ಯಕ್ರಮ ತಯಾರಿಸಿಕೊಟ್ಟ ಸಣ್ಣ ಸಂಸ್ಥೆ, ಇವರ ಸ್ಥಾನ ಸಾಮಾನ್ಯವಾಗಿ ಆ ಪಂಕ್ತಿಯೇ. ದೇಶಾಂತರದ ನ್ಯಾಯಾಲಯದಲ್ಲಿ ಕೆಲವು ನೂರು ರೂಪಾಯಿಗಳ ಚಂದಾಹಣಕ್ಕಾಗಿ ಹಕ್ಕು ಮಂಡಿಸಲು ಮೈಸೂರಿನ ನಿವೃತ್ತ ಮೇಷ್ಟರು ವಕೀಲರನ್ನು ಇಡಬೇಕೆ? ಉಳಿದ ಅವಧಿಯ ಹಣ ಅವರಿಗೆ ಮರಳಿ ಬರಲಿಲ್ಲ.

ಒಂದು ವೇಳೆ ಹೊಸ ಒಡೆಯನಿಗೆ ಈ ವಾಹಿನಿಗಳ ಮೇಲೆ ಮನಸ್ಸಾಗಿದ್ದರೂ ಹಾಡುಗಳು ಉಪಗ್ರಹದ ಹಿಂದೆ ತಾವಾಗಿ ಹೋಗುತ್ತಿರಲಿಲ್ಲ. ಕೃತಿಸ್ವಾಮ್ಯದ ಸಾಮಾನ್ಯ ಪರವಾನಗಿ ವ್ಯಕ್ತಿಗತವಾದದ್ದು, ಹಕ್ಕಿನ ಒಡೆಯ ಒಪ್ಪದೆ ಅದು ಮತ್ತೊಬ್ಬರ ಕೈಗೆ ದಾಟುವಂತಿಲ್ಲವೆಂಬುದು ಅಲ್ಲಿನ ನ್ಯಾಯಾಲಯಗಳು ಬಹುಮಟ್ಟಿಗೆ ಹಿಡಿದಿರುವ ದಾರಿ. ಅಂದರೆ ಬಾನುಲಿಯ ಹಡಗು ಹರಾಜಾದರೆ ಹಡಗು ಮಾತ್ರ ಹೊಸಬನದಾಗುತ್ತದೆ; ಸರಕು ದಡದಲ್ಲಿಯೇ ಉಳಿಯುತ್ತದೆ.

ಸರಕು ಉಳಿಯಿತಲ್ಲ, ಹಾಡಿನ ಧ್ವನಿಸುರುಳಿ ಹಕ್ಕಿನ ಒಡೆಯನ ಬಳಿಯೇ ಇದೆಯಲ್ಲ, ನಷ್ಟವೇನಾಯಿತು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಹಾಡು ನಷ್ಟವಾಗಲಿಲ್ಲ, ಕಾರ್ಯಕ್ರಮ ನಷ್ಟವಾಯಿತು. ಅಂಗಡಿಯಲ್ಲಿ ಸಿಕ್ಕುವ ನೂರು ಹಾಡುಗಳಿಂದ ಹತ್ತನ್ನು ಆರಿಸಿ, ಒಂದರ ಮುಂದೆ ಒಂದನ್ನು ಇಟ್ಟು, ಎರಡು ಹಾಡುಗಳ ನಡುವೆ ನಾಲ್ಕು ಮಾತು ಸೇರಿಸಿ, ಒಂದು ರಾಗದ ಬೇರೆ ಬೇರೆ ಬಾಣಿಗಳನ್ನು ಪಕ್ಕಪಕ್ಕದಲ್ಲಿ ಕೇಳಿಸುವ ಕಲೆ ಒಂದಿದೆ. ರೇಡಿಯೋದ ನಿಜವಾದ ಸೃಷ್ಟಿ ಅದೇ. ಹಿರಿಯ ವಿದ್ವಾಂಸರೊಬ್ಬರೊಡನೆ ನಡೆಸಿದ ಸಂದರ್ಶನ, ಅದರ ನಡುವೆ ಅವರು ಗುನುಗಿದ ಒಂದು ಪಲ್ಲವಿ, ಇವು ಯಾವ ಧ್ವನಿಸುರುಳಿಯಲ್ಲಿಯೂ ಇರುವುದಿಲ್ಲ. ದಿವಾಳಿಯ ನ್ಯಾಯಾಲಯದ ಪಟ್ಟಿಯಲ್ಲಿ ಇದಕ್ಕೆ ಬೆಲೆ ಕಟ್ಟುವವರು ಯಾರು? ಅದರೊಳಗೆ ಐವರು ಪಾಲುದಾರರ ಹಕ್ಕುಗಳು ಹೆಣೆದುಕೊಂಡಿರುವುದರಿಂದ ಕೊಳ್ಳುವವನಿಗೆ ಅದು ಸ್ವತ್ತಲ್ಲ, ತಂಟೆ. ಮಾರಲು ಬಾರದ ವಸ್ತುವನ್ನು ಕಾಪಾಡುವ ಹೊಣೆ ಯಾರಿಗೂ ಇಲ್ಲ. 'ಸ್ಪರ್ಶ'ದ ಕನ್ನಡ ಕಾರ್ಯಕ್ರಮಗಳನ್ನು ಇಂದು ಒಬ್ಬ ವಿದ್ಯಾರ್ಥಿ ಕೇಳಬೇಕೆಂದರೆ ಹೋಗಿ ಕೇಳುವುದಕ್ಕೆ ಸಾರ್ವಜನಿಕವಾದ ಒಂದು ಭಂಡಾರ ನನಗೆ ಕಂಡಿಲ್ಲ. ಪುಸ್ತಕದ ಪ್ರಕಾಶಕ ದಿವಾಳಿಯಾದರೆ ಗ್ರಂಥಾಲಯದಲ್ಲಿ ಪ್ರತಿಯಾದರೂ ಉಳಿದಿರುತ್ತದೆ. 1954ರ ಕಾನೂನಿನಂತೆ ಪ್ರತಿ ಪ್ರಕಾಶಕನೂ ಕೆಲವು ಪ್ರತಿಗಳನ್ನು ರಾಷ್ಟ್ರದ ಗ್ರಂಥಾಲಯಗಳಿಗೆ ಒಪ್ಪಿಸಲೇಬೇಕು. ದನಿಗೆ ಅಂಥ ಕಾನೂನಿಲ್ಲ.

ಈ ಮಾತಿಗೆ ಪ್ರತಿಯಾದ ಉದಾಹರಣೆಯೊಂದು ಅದೇ ಉಪಗ್ರಹದಲ್ಲಿಯೇ ಇತ್ತು. 2001ರ ನವೆಂಬರಿನಿಂದ ಪುಟ್ಟಪರ್ತಿಯ 'ರೇಡಿಯೋ ಸಾಯಿ' ಏಷಿಯಾಸ್ಟಾರಿನ ಮೂಲಕ ಪ್ರಸಾರವಾಗುತ್ತಿತ್ತು. ಉಪಗ್ರಹ ಕೈಬಿಟ್ಟಾಗ ಅದು ಅಂತರಜಾಲದ ಮೂಲಕ ತನ್ನ ಪ್ರಸಾರವನ್ನು ಮುಂದುವರಿಸಿತು. ಅದರ ಭಜನೆ, ಪ್ರವಚನ, ಮಾತುಕತೆಗಳೆಲ್ಲ ಬಹುಮಟ್ಟಿಗೆ ಅದರ ಸ್ವಂತದವು. ಯಾರ ಅನುಮತಿಗೂ ಕಾಯಬೇಕಾಗಿರಲಿಲ್ಲ. ಶ್ರದ್ಧೆಯ ಮಾತು ಹಾಗಿರಲಿ, ಹಕ್ಕಿನ ದೃಷ್ಟಿಯಿಂದ ಇದು ಸ್ವಂತ ಮನೆಗೂ ಬಾಡಿಗೆ ಮನೆಗೂ ಇರುವ ಅಂತರ.

ಸಮುದ್ರದಾಚೆಯ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಎಕ್ಸ್.ಎಂ., ಸಿರಿಯಸ್ ಎಂಬ ಎರಡು ಉಪಗ್ರಹ ರೇಡಿಯೋ ಕಂಪೆನಿಗಳು ಕಾದಾಡಿದ್ದು ಹಕ್ಕುಗಳಿಗಾಗಿಯೇ. ಒಬ್ಬ ಮಾತುಗಾರನನ್ನು ಐದು ವರ್ಷಗಳಿಗೆ ಕರೆತರಲು ಸಿರಿಯಸ್ 2004ರಲ್ಲಿ 50 ಕೋಟಿ ಡಾಲರಿನ ಕರಾರು ಮಾಡಿಕೊಂಡಿತು. ಬೇಸ್‌ಬಾಲ್ ಆಟದ ವೀಕ್ಷಕವಿವರಣೆಗೆ ಎಕ್ಸ್.ಎಂ. ಅದಕ್ಕೂ ಹೆಚ್ಚು ಸುರಿಯಿತು. ಇಬ್ಬರೂ ಸುಸ್ತಾಗಿ 2008ರಲ್ಲಿ ಒಂದಾದರು. 2009ರ ಫೆಬ್ರವರಿಯಲ್ಲಿ ದಿವಾಳಿಯ ಹೊಸ್ತಿಲಲ್ಲಿ ನಿಂತಾಗ ಲಿಬರ್ಟಿ ಮೀಡಿಯಾ ಎಂಬ ಸಂಸ್ಥೆ 53 ಕೋಟಿ ಡಾಲರು ಸಾಲ ಕೊಟ್ಟು ಉಳಿಸಿತು. ಅಲ್ಲಿ ಕಾರ್ಯಕ್ರಮದ ಬೆಲೆಯೇ ಕಂಪೆನಿಯನ್ನು ಕಂತಿಸುವಷ್ಟು ಹೆಚ್ಚಾಗಿತ್ತು. ಇಲ್ಲಿ ಕಂಪೆನಿ ಕಂತಿದಾಗ ಕಾರ್ಯಕ್ರಮಕ್ಕೆ ಬೆಲೆಯೇ ಇರಲಿಲ್ಲ.

ರೇಡಿಯೋ ದಿವಾಳಿಯಾಗುವುದು ನಮಗೆ ಹೊಸತೇನೂ ಅಲ್ಲ. ಹೇಳಬೇಕೆಂದರೆ ಈ ದೇಶದ ರೇಡಿಯೋ ಚರಿತ್ರೆ ದಿವಾಳಿಯಿಂದಲೇ ಪ್ರಾರಂಭವಾಗುತ್ತದೆ. 1927ರ ಜುಲೈ 23ರಂದು ಮುಂಬಯಿಯಲ್ಲಿಯೂ ಒಂದು ತಿಂಗಳ ಮೇಲೆ ಕಲ್ಕತ್ತೆಯಲ್ಲಿಯೂ ನಿಲಯ ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ ಖಾಸಗಿಯದು. ಸೆಟ್ಟಿಗೆ ವರ್ಷಕ್ಕೆ ಹತ್ತು ರೂಪಾಯಿ ಪರವಾನಗಿ ಶುಲ್ಕ. ಅದರಲ್ಲಿ ಕಂಪೆನಿಗೆ ಎಂಟು. ಇಡೀ ದೇಶದಲ್ಲಿ ಪರವಾನಗಿ ಪಡೆದವರು ಎಂಟು ಸಾವಿರ ಮುಟ್ಟಲಿಲ್ಲ. 1930ರ ಮಾರ್ಚಿಯಲ್ಲಿ ಕಂಪೆನಿ ಬಾಗಿಲು ಹಾಕಿತು. ಏಪ್ರಿಲಿನಲ್ಲಿ ಸರ್ಕಾರ ನಿಲಯಗಳನ್ನು ವಹಿಸಿಕೊಂಡಿತು. 1931ರಲ್ಲಿ ತಾನೂ ಕೈಬಿಡಲು ನಿಶ್ಚಯಿಸಿ, ಜನ ಗಲಾಟೆ ಮಾಡಿದ ಮೇಲೆ ಮನಸ್ಸು ಬದಲಿಸಿತು. ಅದೇ ಮುಂದೆ 1936ರಲ್ಲಿ ಆಲ್ ಇಂಡಿಯಾ ರೇಡಿಯೋ ಆಯಿತು. ಚಂದಾ ನಂಬಿ ಹುಟ್ಟಿದ ರೇಡಿಯೋ ಚಂದಾ ಸಾಲದೆ ಸತ್ತದ್ದು 2009ರಲ್ಲಿ ಎರಡನೆಯ ಸಲ.

ಇವೆರಡರ ನಡುವೆ ನಮ್ಮ ಊರಿನ ಪ್ರಯೋಗವನ್ನು ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಂಪೆನಿ ಮುಳುಗಿ ಐದು ವರ್ಷವಾದ ಮೇಲೆ, 1935ರ ಸೆಪ್ಟೆಂಬರ್ 10ರಂದು, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ 30 ವ್ಯಾಟಿನ ಪುಟ್ಟ ಯಂತ್ರದ ಮೂಲಕ ಪ್ರಸಾರ ಪ್ರಾರಂಭಿಸಿದರು. ಇದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟ ಕೀರ್ತಿಯನ್ನು ಕೆಲವರು ಅವರಿಗೂ ಕೆಲವರು ನಾ. ಕಸ್ತೂರಿಯವರಿಗೂ ಸಲ್ಲಿಸುತ್ತಾರೆ. (ಕಸ್ತೂರಿಯವರು ಮುಂದೆ ನೆಲಸಿದ್ದು ಪುಟ್ಟಪರ್ತಿಯಲ್ಲಿ ಎಂಬುದನ್ನು ಸುಮ್ಮನೆ ನೆನಪಿಸುತ್ತೇನೆ.) ಅದಕ್ಕೆ ಬಂಡವಾಳ ಪ್ರೊಫೆಸರರ ಸಂಬಳ, ಆಮೇಲೆ ಪುರಸಭೆಯ ನೆರವು, 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು, 1950ರಲ್ಲಿ ಕೇಂದ್ರ ಸರ್ಕಾರ. 1955ರಲ್ಲಿ ನಿಲಯ ಬೆಂಗಳೂರಿಗೆ ಹೋದದ್ದು, 1974ರಲ್ಲಿ ಮೈಸೂರಿಗೆ ಮತ್ತೆ ಸ್ವಂತ ನಿಲಯ ಬಂದದ್ದು ಎಲ್ಲರಿಗೂ ತಿಳಿದ ಸಂಗತಿ. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಒಂಟಿಕೊಪ್ಪಲಿನ ಆಕಾಶವಾಣಿ ಹುಟ್ಟಿದ ದಿನವೇ ದಿವಾಳಿ; ಅದಕ್ಕೆ ಆದಾಯವೇ ಇರಲಿಲ್ಲ. ಆದರೂ ಅದು ಕೈಯಿಂದ ಕೈಗೆ ದಾಟಿತು, ಏಕೆಂದರೆ ಪ್ರತಿಸಲ ವಹಿಸಿಕೊಂಡವರು ಯಂತ್ರವನ್ನು ಮಾತ್ರ ವಹಿಸಿಕೊಳ್ಳಲಿಲ್ಲ, ಪ್ರಸಾರ ಮಾಡುವ ಕರ್ತವ್ಯವನ್ನೂ ವಹಿಸಿಕೊಂಡರು. ಆ ಮೊದಲ ವರ್ಷಗಳ ದನಿ ಅಂದಿನ ಗಾಳಿಯಲ್ಲಿಯೇ ಕರಗಿಹೋಯಿತೆಂಬುದು ಬೇರೆ ಮಾತು. ಕುವೆಂಪು ಅವರು ಅಲ್ಲಿ ಕವನ ವಾಚನ ಮಾಡಿದರೆಂದು ನಾವು ಓದುತ್ತೇವೆ, ಕೇಳಲಾರೆವು.

ಸರ್ಕಾರದ ರೇಡಿಯೋ ಆದರೆ ಭಯವಿಲ್ಲ ಎಂದು ಇದರಿಂದ ತೀರ್ಮಾನಿಸುವುದು ಬೇಡ. ಅಲ್ಲಿ ಸಾಲಿಗರು ಬರುವುದಿಲ್ಲ, ಆದೇಶ ಬರುತ್ತದೆ. ಆಕಾಶವಾಣಿಯ ರಾಷ್ಟ್ರೀಯ ವಾಹಿನಿ 2019ರ ಜನವರಿಯಲ್ಲಿ ನಿಂತದ್ದು ಹಾಗೆಯೇ. ನ್ಯಾಯಕ್ಕೆ ಇನ್ನೊಂದು ಮಾತನ್ನೂ ಸೇರಿಸಬೇಕು. ಇಪ್ಪತ್ತನಾಲ್ಕು ಗಂಟೆಯ ಶಾಸ್ತ್ರೀಯ ಸಂಗೀತವನ್ನು ಇಡೀ ದೇಶಕ್ಕೆ ಕೇಳಿಸುವ 'ರಾಗಂ' ವಾಹಿನಿಯನ್ನು 2016ರ ಜನವರಿ 26ರಂದು ಆರಂಭಿಸಿದ್ದು ಇದೇ ಆಕಾಶವಾಣಿ. 'ಶ್ರುತಿ' ನಿಂತು ಆರು ವರ್ಷವಾಗಿತ್ತು.

ದಿವಾಳಿ ಎಂದರೆ ಯಾವಾಗಲೂ ಮೌನವೆಂದೂ ಅಲ್ಲ. ನಮ್ಮ ದೇಶದಲ್ಲಿ 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದ ಮೇಲೆ ರೇಡಿಯೋ ಕಂಪೆನಿಯೊಂದು ಅದರ ಕೈಗೆ ಸಿಕ್ಕಿತು. ಬಿಗ್ ಎಫ್.ಎಂ. ನಿಲಯಗಳನ್ನು ನಡೆಸುತ್ತಿದ್ದ ರಿಲಯನ್ಸ್ ಬ್ರಾಡ್‌ಕಾಸ್ಟ್ ನೆಟ್‌ವರ್ಕ್ 2023ರಲ್ಲಿ ಈ ಪ್ರಕ್ರಿಯೆಗೆ ಒಳಗಾಗಿ, 2024ರಲ್ಲಿ ಸಫೈರ್ ಮೀಡಿಯಾ ಎಂಬವರ ಪಾಲಾಯಿತು. ಸಂಹಿತೆಯ ಉದ್ದೇಶವೇ ಕಂಪೆನಿಯನ್ನು ಸಾಧ್ಯವಾದರೆ ಜೀವಂತವಾಗಿ ಮಾರುವುದು. ನಡುವೆ ಪರವಾನಗಿ ರದ್ದಾಗದಂತೆ ಕಾನೂನು ತಡೆಯುತ್ತದೆ, ಆಗಾಗಿನ ಶುಲ್ಕವನ್ನು ಮಾತ್ರ ಕಟ್ಟುತ್ತಿರಬೇಕು. ಹೀಗೆ ನಿಲಯದ ಒಡೆತನ ಬದಲಾದರೂ ಕಂಪೆನಿ ಅದೇ ಆಗಿ ಉಳಿಯುವುದರಿಂದ ಅದರ ಕರಾರುಗಳಿಗೂ ಉಸಿರು ಉಳಿಯುವ ಸಂಭವ ಹೆಚ್ಚು. ಕಾರು ನಡೆಸುತ್ತ ಕೇಳುವವನಿಗೆ ಒಡೆಯ ಬದಲಾದದ್ದು ತಿಳಿಯುವುದೂ ಇಲ್ಲ. ಹಾಡಿನ ಹಕ್ಕಿನ ವಿಷಯದಲ್ಲಿಯೂ ನೆಲದ ರೇಡಿಯೋಗೆ 2012ರ ತಿದ್ದುಪಡಿಯಿಂದ ಒಂದು ಆಸರೆ ದೊರಕಿದೆ. ಪ್ರಕಟವಾದ ಹಾಡನ್ನು, ಒಡೆಯ ಒಪ್ಪಲಿ ಬಿಡಲಿ, ನಿಗದಿಯಾದ ಗೌರವಧನ ಕೊಟ್ಟು, ಮುಂಚಿತವಾಗಿ ತಿಳಿಸಿ ಪ್ರಸಾರ ಮಾಡಬಹುದು. 2008ರಲ್ಲಿ ಈ ಅನುಕೂಲವಿರಲಿಲ್ಲ. ಆದರೆ ಇದೂ ಹಾಡಿಗೆ ಸಿಕ್ಕ ಆಸರೆಯೇ ಹೊರತು ಕಾರ್ಯಕ್ರಮಕ್ಕೆ ಸಿಕ್ಕದ್ದಲ್ಲ. ನಿಲಯ ಮಾರಾಟವಾದಾಗ ಅದರ ಕಪಾಟಿನಲ್ಲಿರುವ ಹಳೆಯ ಸಂದರ್ಶನಗಳ ಗತಿಯೇನು ಎಂದು ಕೇಳುವ ಕಲಮು ಸಂಹಿತೆಯಲ್ಲಿ ಇಲ್ಲ. ಪರವಾನಗಿ ಕೊಡುವಾಗಲೇ ಸರ್ಕಾರ ಒಂದು ಷರತ್ತು ಹಾಕಬಹುದು. ಮಾತಿನ ಕಾರ್ಯಕ್ರಮಗಳ ಒಂದೊಂದು ಪ್ರತಿಯನ್ನು ಆಯಾ ರಾಜ್ಯದ ಒಂದು ಭಂಡಾರಕ್ಕೆ ಒಪ್ಪಿಸಬೇಕು, ನಿಲಯ ಮುಚ್ಚಿದರೆ ಅಧ್ಯಯನಕ್ಕಾಗಿ ಕೇಳಲು ಬಿಡಬೇಕು ಎಂದರೆ ಯಾರ ಗಂಟೂ ಕರಗುವುದಿಲ್ಲ. ಮೈಸೂರಿನಲ್ಲಿ ಅದಕ್ಕೆ ಸ್ಥಳವಿಲ್ಲವೆಂದು ಯಾರೂ ಹೇಳಲಾರರು. ಓಲೆಗರಿಗಳನ್ನು ನೂರು ವರ್ಷಕ್ಕೂ ಮಿಕ್ಕಿ ಜೋಪಾನ ಮಾಡಿದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇರುವ ಊರಿದು.

ಷರತ್ತು ಬರುವಾಗ ಬರಲಿ. ಅಲ್ಲಿಯವರೆಗೆ ಉಳಿದಿರುವುದು ಮನೆಗಳಲ್ಲಿ ಇರುವುದಷ್ಟೆ. ಆ ವರ್ಷಗಳಲ್ಲಿ ಸೆಟ್ಟಿನಿಂದ ಟೇಪ್ ರೆಕಾರ್ಡರಿಗೆ ತಂತಿ ಎಳೆದು ತಮಗೆ ಬೇಕಾದ ಕಛೇರಿಯನ್ನೋ ಸಂದರ್ಶನವನ್ನೋ ತುಂಬಿಕೊಂಡ ರಸಿಕರು ಈ ಊರಿನಲ್ಲಿ ಇದ್ದಿರಲೇಬೇಕು. ಸ್ವಂತಕ್ಕೆ ಕೇಳಲು ಹಾಗೆ ಇಟ್ಟುಕೊಳ್ಳುವುದಕ್ಕೆ ನಮ್ಮ ಕೃತಿಸ್ವಾಮ್ಯದ ಕಾನೂನು ಅವಕಾಶ ಕೊಟ್ಟಿದೆ; ಮಾರುವುದಕ್ಕೂ ಹಂಚುವುದಕ್ಕೂ ಕೊಟ್ಟಿಲ್ಲ. ಅಂಥ ಕ್ಯಾಸೆಟ್ಟುಗಳು ನಿಮ್ಮ ಬೀರುವಿನಲ್ಲಿ ಇದ್ದರೆ ಮನೆ ಸುಣ್ಣ ಹೊಡೆಸುವಾಗ ಹಳೆಯ ಪೇಪರಿನವನಿಗೆ ಹಾಕಿಬಿಡಬೇಡಿ. ಸುರುಳಿ ಅಂಟಿಕೊಳ್ಳದಂತೆ ಆಗಾಗ ಒಮ್ಮೆ ಕೊನೆಯವರೆಗೆ ಓಡಿಸಿ ತಿರುಗಿಸಿಡಿ. ಬೆನ್ನಿನ ಮೇಲೆ ವಾಹಿನಿಯ ಹೆಸರು, ಹಾಡಿದವರು ಅಥವಾ ಮಾತಾಡಿದವರ ಹೆಸರು, ನೆನಪಿದ್ದರೆ ತಿಂಗಳು ಮತ್ತು ಇಸವಿ ಬರೆದಿಡಿ. ಪೆನ್ಸಿಲಿನಲ್ಲಿ ಬರೆದದ್ದು ಅಳಿಸಿಹೋಗುತ್ತದೆ, ಶಾಯಿಯಲ್ಲಿ ಬರೆಯಿರಿ.